ಹುಳ ಹಿಡಿದ ಚೌಕಟ್ಟು

ಸತ್ತವರ ದನಿ ಅವರ ಮನೆಯ ಮರಮುಟ್ಟಿನಲ್ಲಿ ಉಳಿಯುತ್ತಿದ್ದ ಆ ಊರಿನಲ್ಲಿ, ನೀಲಗಂಗಾಳ ಮಗಳು ಚಂಪಾಳ ದನಿ ಬಾಗಿಲ ಚೌಕಟ್ಟಿನಲ್ಲಿತ್ತು. ಕಿವಿಯಿಟ್ಟರೆ, “ಅವ್ವಾ, ಸಾಲಿ ಬಿಡ್ತು, ಹಸಿವಾಗೇದ” ಎನ್ನುತ್ತಿತ್ತು. ಈ ವಾರ “ಅವ್ವಾ” ಎಂಬುದಷ್ಟೇ ಕೇಳುತ್ತಿತ್ತು. ಹೊಸ್ತಿಲ ಮೇಲೆ ಹಿಟ್ಟಿನಂಥ ಪುಡಿ ಉದುರಿತ್ತು.

ಬಡಿಗ ಮೌನೇಶಪ್ಪ ಉಳಿಯಿಂದ ಚಕ್ಕೆಯೊಂದನ್ನು ಎಬ್ಬಿಸಿ, ಒಳಗಿದ್ದ ಬಿಳಿ ಮರಿಹುಳಗಳನ್ನು ತೋರಿಸಿದ.

“ಔಷಧ ಬಿಟ್ಟರ ಹುಳ ಸಾಯ್ತಾವ್ರೀ ಅಕ್ಕಾರ. ಆದರ ದನಿನೂ ಹೋಗ್ತದ.”

“ಬಿಡದಿದ್ದರ?”

“ತೊಲಿಗೆ ಏರ್ತಾವ. ಆಮ್ಯಾಲೆ ಮಾಳಿಗಿ ನಿಲ್ಲೂದಿಲ್ಲ.”

ನೀಲಗಂಗಾ ತಲೆಯೆತ್ತಿದಳು. ಆ ತೊಲೆಗೇ ಕಟ್ಟಿದ ತೊಟ್ಟಿಲಲ್ಲಿ ಆರು ತಿಂಗಳ ಮಗ ಕಾಲು ಬಡಿಯುತ್ತಿದ್ದ.

ಅವಳು ಚೌಕಟ್ಟಿಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಳು. ಪ್ರತಿ ಕರೆಗೂ “ಹೂಂ, ನನ್ನವ್ವಾ” ಎಂದಳು. ಕೊನೆಗೆ ಪಕ್ಕಕ್ಕೆ ಸರಿದು, “ಔಷಧ ಬಿಡ್ರಿ” ಎಂದಳು.

ಸಂಜೆ ಗಿರಣಿಯಿಂದ ಬಂದ ಗಂಡ ಶಂಕ್ರಪ್ಪ, ದಿನದಂತೆ ಚಪ್ಪಲಿ ಬಿಟ್ಟು ಚೌಕಟ್ಟಿನತ್ತ ಬಾಗಿದ. ನೀಲಗಂಗಾ ಅವನ ಭುಜ ಹಿಡಿದಳು.

“ಆಕಿ ಮಲಗ್ಯಾಳ್ರೀ.”

ಔಷಧದ ವಾಸನೆ ಅವನ ಮೂಗಿಗೆ ಬಡಿಯಿತು. ಅಲ್ಲೇ ಹೊಸ್ತಿಲ ಮೇಲೆ ಕುಳಿತ.