ಟವರಿಗೆ ಉಳಿಸಿದ ಮಾತು

ದಿನವೂ ಯಾರಾದರೂ ಮನೆಯ ಸುದ್ದಿ ಹೇಳದಿದ್ದರೆ ಊರಾಚೆಯ ಲೈನಿನ ಟವರುಗಳು ಕರೆಂಟನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದರೂ ತಂತಿ ಜೋಲುತ್ತಿತ್ತು. ಲೈನ್‌ಮನ್ ಮಾನಪ್ಪ ಹಗಲೆಲ್ಲ ಅವಕ್ಕೆ ಮಾತಾಡಿ ದಣಿದು, ಮನೆಯಲ್ಲಿ ಬಾಯಿ ಬಿಡುವುದನ್ನೇ ಮರೆತಿದ್ದ.

ಒಂದು ದಿನ ಅವನ ದನಿಯೇ ಬಿದ್ದುಹೋಯಿತು. ಬುತ್ತಿ ತಂದ ಹೆಂಡತಿ ಗುರುಬಾಯಿಗೆ ಜೋಲುತ್ತಿದ್ದ ತಂತಿಯನ್ನೂ ಅದರಾಚೆ ಕರೆಂಟಿಗೆ ಕಾದಿದ್ದ ಆಸ್ಪತ್ರೆಯನ್ನೂ ಕೈಮಾಡಿ ತೋರಿಸಿದ.

"ನಾ ಏನ್ ಹೇಳ್ಲಿ ಇದಕ್ಕ?" ಎಂದವಳು ಟವರಿನ ಕಾಲಿಗೆ ಒರಗಿದಳು. "ನಿನ್ನಿ ಸಾರಿಗೆ ಬೇಕಂತನ ಉಪ್ಪು ಹಾಕ್ಲಿಲ್ಲ. ಉಪ್ಪಿಲ್ಲ ಅಂತನಾದ್ರೂ ಒಂದ್ ಮಾತಾಡ್ಲಿ ಅಂತ ಕಾದೆ. ಇವ್ರು ಸುಮ್ನ ಉಂಡು ಎದ್ರು."

ತಂತಿ ಬಿಗಿಯಾಯಿತು. ಗುರುಬಾಯಿ ನಿಲ್ಲಿಸಲಿಲ್ಲ, ವರ್ಷಗಳಿಂದ ಒಳಗೇ ಉಳಿದದ್ದೆಲ್ಲ ಹೊರಬಂತು. ಮಾನಪ್ಪ ಕಲ್ಲಿನ ಮೇಲೆ ಕೂತು ಕೇಳಿದ.

ಸಂಜೆ ಲೈನ್ ನೋಡಲು ಕರೆಂಟಿನ ಆಫೀಸಿನ ಸಾಹೇಬರು ಬಂದರು. "ಇಷ್ಟ್ ಗಟ್ಟಿ ಲೈನ್ ನಾ ನೋಡೇ ಇಲ್ಲೋ ಮಾನಪ್ಪ. ನಾಳಿಂದ ಅಕ್ಕಾರೂ ಡ್ಯೂಟಿಗೆ ಬರ್ಲಿ."

ಈಗ ಊರಲ್ಲಿ ಕರೆಂಟು ಹೋಗುವುದೇ ಇಲ್ಲ. ಮಿಣುಕದ ದೀಪದಡಿ ಗಂಡ ಹೆಂಡತಿ ಸುಮ್ಮನೆ ಉಣ್ಣುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾದರೆ, ಆ ಮಾತನ್ನು ಇಬ್ಬರೂ ನಾಳೆಯ ಟವರಿಗೆಂದು ಉಳಿಸಿಕೊಳ್ಳುತ್ತಾರೆ.