ಬಾಕಿ ಉಳಿದ ಬೆಂಚು

ಮೇಷ್ಟ್ರು ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿ, ಹೆಗಲ ಮೇಲಿದ್ದ ಕೋಟನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಕಿ, ಉಸಿರು ಹಿಡಿತಕ್ಕೆ ಬರಲೆಂದು ಕಾಯುತ್ತ ನಿಂತಾಗ ಹೊಲಿಗೆಯವಳು ರಜೆ ಕೇಳುತ್ತಿದ್ದಳು. ನಾಲ್ಕು ದಿನದಿಂದ ಅದೇ ಕೆಲಸ.

“ಯಜಮಾನ್ರೇ, ನಾಳೆ ಒಂದಿನ ರಜೆ ಸಿಗುತ್ತಾ? ಮಗಳನ್ನ ಹಾಸ್ಟೆಲ್‌ಗೆ ಬಿಟ್ಟು ಬರ್ಲಾ?”

“ಕಾಲರ್ ಮುಗ್ಸು. ಇಸ್ತ್ರಿಗೆ ಕೊಡು. ತಲೆ ತಿನ್ಬೇಡ,” ಎಂದ ಮಾಲೀಕ, ಕತ್ತರಿಯಿಂದ ಕಣ್ಣೆತ್ತದೆ.

ಮಗಳು ನರ್ಸಿಂಗ್ ಓದಲು ಬೇರೆ ಊರಿಗೆ ಹೊರಟಿದ್ದಳು. ಬೆಳಗಿನ ಬಸ್ಸು. ಹುಟ್ಟಿದಾಗಿನಿಂದ ಅಮ್ಮನ ಸೆರಗು ಬಿಟ್ಟು ಒಂದು ರಾತ್ರಿ ಮಲಗಿದವಳಲ್ಲ. “ನೀನು ಬರ್ತೀಯ ತಾನೇ?” ಎಂದು ಇವತ್ತೂ ಕೇಳಿದ್ದಳು. ಇವಳು ಟ್ರಂಕಿನ ಬೀಗ ನೋಡುವ ನೆಪದಲ್ಲಿ ಮುಖ ತಿರುಗಿಸಿದ್ದಳು.

“ಮೊಣಕೈಗೊಂದು ತೇಪೆ ಬೇಕಿತ್ತಮ್ಮ,” ಎಂದರು ಮೇಷ್ಟ್ರು. ಅವಳಿಗೆ ಮೊದಲು ಗುರುತು ಸಿಕ್ಕಿದ್ದು ಕೋಟಿನದು, ಆಮೇಲೆ ಮುಖದ್ದು. ಡಸ್ಟರ್ ಹೊತ್ತು ಹೊತ್ತು ಜೋತುಬಿದ್ದ ಬಲಗಡೆಯ ಜೇಬು ಇನ್ನೂ ಹಾಗೆಯೇ ಇತ್ತು. “ಇಂಗ್ಲಿಷ್ ಮೇಷ್ಟ್ರಲ್ವಾ?” ಎಂದಳು. ಮಾಲೀಕನೂ ಕತ್ತರಿ ಕೆಳಗಿಟ್ಟು ಎದ್ದು ನಿಂತ. ಇಬ್ಬರೂ ಒಂದೇ ತರಗತಿಯವರು, ಮೂವತ್ತೆರಡು ವರ್ಷದ ಹಿಂದೆ.

“ಹೆಸರು ಹೇಳ್ಬೇಡಿ, ನನ್ನ ತಲೇಲಿ ನಿಲ್ಲಲ್ಲ. ಬೆಂಚು ಹೇಳಿ,” ಎಂದರು ಮೇಷ್ಟ್ರು.

ಬೆಂಚು ಎಂದದ್ದೇ ತಡ, ಅವಳ ಕಣ್ಣ ಮುಂದೆ ಆ ಕೋಣೆ ಬಂದು ನಿಂತಿತು. ಇಂಗ್ಲಿಷಿನ ವಾಕ್ಯಗಳು ನಾಲ್ಕು ಬಗೆ, ಕೋಣೆಯಲ್ಲಿ ಬೆಂಚುಗಳೂ ನಾಲ್ಕು. ಮೇಷ್ಟ್ರು ಒಂದೊಂದು ಬಗೆಯನ್ನು ಒಂದೊಂದು ಬೆಂಚಿಗೆ ಹಂಚಿಬಿಟ್ಟಿದ್ದರು. ಹೇಳಿಕೆಯ ಬೆಂಚು ‘ದಿಸ್ ಈಸ್ ಎ ವಿಂಡೋ’ ಎನ್ನಬೇಕು. ಪ್ರಶ್ನೆಯ ಬೆಂಚಿನದು ‘ಈಸ್ ದಿಸ್ ಎ ವಿಂಡೋ?’ ಆಜ್ಞೆಯವರು ‘ಓಪನ್ ದ ವಿಂಡೋ’ ಎಂದು ಗದರಿದರೆ ಉದ್ಗಾರದವರು ‘ವಾಟ್ ಎ ವಿಂಡೋ!’ ಎಂದು ಬಾಯ್ಬಿಟ್ಟು ಬೆರಗಾಗಬೇಕು. ಅಷ್ಟು ಕೊಂಡಾಟ ಕಂಡ ಆ ಕಿಟಕಿಗೆ ಅಸಲಿಗೆ ಒಂದು ಬಾಗಿಲೇ ಇರಲಿಲ್ಲ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಯಾರೂ ತಮ್ಮ ಬೆಂಚು ಬಿಟ್ಟು ಬೇರೆ ವಾಕ್ಯ ಆಡುವಂತಿರಲಿಲ್ಲ, ನೀರು ಕುಡಿಯಬೇಕೆಂದರೂ ಸರಿ. ಅರ್ಧ ವರ್ಷದ ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರು ಅಡಿಕೋಲಿನಿಂದ ಮೇಜಿಗೆ ಎರಡು ಸಲ ಕುಟ್ಟುತ್ತಾರೆ. ಆಗ ಪ್ರಶ್ನೆಯವರು ಆಜ್ಞೆಗೆ, ಆಜ್ಞೆಯವರು ಪ್ರಶ್ನೆಗೆ ಎಂದು ಮಾತಾಗಿತ್ತು. ಆ ದಿನಕ್ಕಾಗಿ ಅವಳು ಎಷ್ಟು ಆಸೆಯಿಂದ ಕಾದಿದ್ದಳು. ರಜೆ ಮುಗಿಸಿ ಬಂದರೆ ಮೇಷ್ಟ್ರಿಗೆ ವರ್ಗವಾಗಿತ್ತು. ಹೊಸಬರಿಗೆ ಬೆಂಚಿನ ಗೊಡವೆಯೇ ಬೇಕಿರಲಿಲ್ಲ.

“ನಾನು ಪ್ರಶ್ನೆ ಸಾರ್. ಇವ್ರು ಆಜ್ಞೆ,” ಎಂದಳು.

“ಓ, ನೀನು ಗುಡುಗ,” ಎಂದು ಮೇಷ್ಟ್ರು ಮಾಲೀಕನ ಕಡೆ ನೋಡಿ ನಕ್ಕರು. ಅವನ ದನಿಗೆ ಹುಡುಗರೆಲ್ಲ ಸೇರಿ ಇಟ್ಟ ಹೆಸರದು. “ನಾನೀಗ ಪೂರ್ತಿ ಉದ್ಗಾರದ ಬೆಂಚು ಕಣಯ್ಯ. ಅಯ್ಯೋ ಸೊಂಟ, ಅಯ್ಯೋ ಮಂಡಿ, ಅಷ್ಟೇ.”

ತೇಪೆ ಮುಗಿಯುವವರೆಗೆ ಅವರು ಗೋಡೆಗೊರಗಿ ಕೂತು ಸುಮ್ಮನೆ ಕೇಳಿಸಿಕೊಂಡರು. ದಾರ ಬದ್ಲಾಯ್ಸು, ಅಂಚು ಮಡಚು, ದೀಪ ಹಾಕು ಎಂದು ಒಂದು ದನಿ. ಈ ಬಣ್ಣ ಆಗ್ಬಹುದಾ, ಇಲ್ಲಿಗೆ ಸಾಕಾ, ನಾಳೆ ರಜೆ ಸಿಗುತ್ತಾ ಎಂದು ಇನ್ನೊಂದು. ಮೇಷ್ಟ್ರ ನಗು ಮೆಲ್ಲಗೆ ಇಳಿದುಹೋಯಿತು.

“ಅಲ್ರಪ್ಪಾ,” ಎಂದರು, “ನಾನು ಹೋದ್ಮೇಲೆ ನಿಮ್ಮ ಬೆಂಚು ಯಾರೂ ಬದಲಾಯ್ಸೇ ಇಲ್ವಾ?”

ಮೇಷ್ಟ್ರು ಮೇಜಿನ ಮೇಲಿದ್ದ ಮರದ ಅಳತೆಪಟ್ಟಿ ತೆಗೆದುಕೊಂಡು ಟಕ್ ಟಕ್ ಎಂದು ಎರಡು ಸಲ ಕುಟ್ಟಿದರು. ಆ ಸದ್ದಿಗೆ ಇಬ್ಬರ ಕಾಲೂ ತಾವಾಗಿಯೇ ಎದ್ದವು. ಅವಳು ಹೋಗಿ ಮಾಲೀಕನ ಕೈಯಿರುವ ಕುರ್ಚಿಯ ತುದಿಯಲ್ಲಿ ಕೂತಳು. ಅವನು ಅವಳ ಸ್ಟೂಲಿನ ಮೇಲೆ ಕುಳಿತ. ಮಂಡಿ ಮಿಷನ್ನಿಗೆ ತಗುಲಿತು.

“ಶುರು ಮಾಡಮ್ಮ. ಕಿಟಕಿ ಬೇಡ. ನಿಂಗೆ ಬೇಕಾದ್ದು ಹೇಳು.”

ಅವಳು ಸೆರಗು ಸರಿಮಾಡಿಕೊಂಡಳು. “ನಾಳೆ ರಜೆ ಸಿ...” ಎನ್ನುವಷ್ಟರಲ್ಲಿ ಪಟ್ಟಿ ಮೇಲೆದ್ದಿತು. ಅವಳು ಕಣ್ಣು ಮುಚ್ಚಿಕೊಂಡಳು.

“ಗುಡುಗ, ನಾಳೆ ನಂಗೆ ರಜೆ ಕೊಡು.”

ಹೇಳಿ ನಾಲಿಗೆ ಕಚ್ಚಿಕೊಂಡಳು. ಹತ್ತು ವರ್ಷದಿಂದ ಈ ಅಂಗಡಿಯಲ್ಲಿ ಅವನನ್ನು ಏಕವಚನದಲ್ಲಿ ಕರೆದವಳಲ್ಲ. ಮಾಲೀಕ ಅವಳ ಮುಖ ನೋಡಲಿಲ್ಲ. ಆಜ್ಞೆಯ ಹೊರತು ಬೇರೆ ವಾಕ್ಯ ಅವನಿಗೂ ರೂಢಿಯಿರಲಿಲ್ಲ, ಪಾಪ. ಮಿಷನ್ನಿನ ಚಕ್ರವನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದ. ಅವಳು ಕೂತು ಕೂತು ನುಣುಪಾದ ಸ್ಟೂಲಿನ ಅಂಚನ್ನು ಸವರಿದ. ಆಮೇಲೆ, ಅವಳು ಎಂದೂ ಕೇಳಿರದ ಸಣ್ಣ ದನಿಯಲ್ಲಿ ಅಂದ:

“ನಾಡಿದ್ದು ಬರ್ತೀಯ ತಾನೇ?”