ಕಿವಿಯೊಳಗಿನ ಅಡಿಗಲ್ಲು

"ಅಜ್ಜಿಗೆ ಏನೂ ಕೇಳಿಸ್ತಿಲ್ಲ. ಸದ್ದು ಬಂದಾಗ ಕೈ ಎತ್ತಿ ಅಂದ್ರೆ ಇಳಿಸ್ತಾರೆ, ಸದ್ದಿಲ್ಲದಾಗ ಎತ್ತುತ್ತಾರೆ!" ಕಿವಿ ಪರೀಕ್ಷೆಯ ಹುಡುಗಿ ಗಾಜಿನ ಕೋಣೆಯಲ್ಲಿದ್ದ ಅಮ್ಮನನ್ನು ಮಗಳಿಗೆ ತೋರಿಸಿ, ಬೇಸತ್ತು ಪೆನ್ನು ಕೆಳಗಿಟ್ಟಳು. ಸ್ವಲ್ಪವಾದರೂ ಕೇಳಿಸಿದರೆ ಕಿವಿಗೆ ಮಿಷನ್ನು ಸಾಕು, ಇಲ್ಲದಿದ್ದರೆ ಆಪರೇಷನ್ನೇ ಗತಿ ಎಂದಿದ್ದರು ಡಾಕ್ಟರು. ಒಳಗಿನ ಅಡಿಗಲ್ಲು ಎಂಬ ಮೂಳೆ ಸವೆದಿದೆಯಂತೆ. ಮಗಳು ಅದನ್ನು ಕೂಗಿ ಹೇಳಿದಾಗ ಅಮ್ಮ ನಕ್ಕುಬಿಟ್ಟಿದ್ದಳು. "ಮನೆ ಕಟ್ಟೋಕೂ ಅಡಿಗಲ್ಲು, ನಿಮ್ಮಪ್ಪನ ಕುಲುಮೇಲೂ ಅಡಿಗಲ್ಲು, ಈಗ ಕಿವೀಲೂ ಒಂದಾ? ಎಲ್ಲಿ ಹೋದ್ರೂ ಬೆನ್ನು ಬಿಡಲ್ವಲ್ಲೇ ಅದು!"

ಮಗಳು ಗಾಜಿಗೆ ಮುಖ ಒತ್ತಿ ನೋಡಿದಳು. ಒಳಗೆ ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಎತ್ತಿದ್ದು ಒಂದು ಕೈಯಲ್ಲ, ಎರಡೂ. ಒಂದರ ಕೆಳಗೊಂದು ಮುಷ್ಟಿ, ಬಲಭುಜದ ಮೇಲೆ. ಹಿಡಿಯಲ್ಲಿ ಏನೂ ಇರಲಿಲ್ಲ, ಆದರೂ ಕುಲುಮೆಯ ಆ ಭಾರದ ಸುತ್ತಿಗೆ, ಸಮ್ಮಟಿಗೆ, ಮಗಳಿಗೆ ಕಂಡಿತು. ಅಪ್ಪ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹಿಡಿಯುತ್ತಿದ್ದ, ಅಮ್ಮ ಮೂವತ್ತು ವರ್ಷ ಎತ್ತಿ ಎತ್ತಿ ಹೊಡೆದಿದ್ದಳು. ಆ ಗದ್ದಲದಲ್ಲಿ ಮಾತೆಲ್ಲಿ ಕೇಳಬೇಕು? ಸಾಕು ಎನ್ನಬೇಕಾದಾಗ ಅಪ್ಪ ಕೈಸುತ್ತಿಗೆಯಿಂದ ಅಡಿಗಲ್ಲಿನ ಅಂಚಿಗೆ ಟಿಣ್ ಎಂದು ತಟ್ಟುತ್ತಿದ್ದ. ಅಮ್ಮ ಸಮ್ಮಟಿಗೆ ಇಳಿಸುತ್ತಿದ್ದಳು.

"ಇನ್ನೊಂದ್ಸಲ ಸದ್ದು ಬಿಡು, ಇನ್ನೂ ಮೆಲ್ಲಗೆ," ಎಂದಳು ಮಗಳು ಹುಡುಗಿಗೆ. "ಕೈ ಇಳಿಸಿದ್ರೆ ಕೇಳಿಸ್ತು ಅಂತ ಬರ್ಕೋ."

ಮುಷ್ಟಿಗಳು ಇಳಿದವು. ಅದಕ್ಕಿಂತ ಸಣ್ಣ ಸದ್ದಿಗೂ ಇಳಿದವು. ಹುಡುಗಿ ಮತ್ತೆ ಪೆನ್ನು ಎತ್ತಿಕೊಂಡಳು.

ಹೊರಗೆ ಬಂದ ಅಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡಳು. "ಬದುಕಿದ್ದಾಗ ಒಂದು ದಿನಾನೂ ಇಷ್ಟು ಸಲ ಸಾಕು ಅಂದಿರಲಿಲ್ಲ ಕಣೇ, ನಿಮ್ಮಪ್ಪ."